ನನ್ನ ಟೀಮಿನ ಕ್ಯಾಪ್ಟನ್ ಪಾಲ್ವಂಕರ್ ಬಾಲು

 

ಭಾರತದ ಎಲ್ಲಾ ಕಾಲದ ಅತ್ಯುತ್ತಮ ಕ್ರಿಕೆಟ್ ಟೀಮ್ ಯಾವುದು ಅಂತ ನಾವೆಲ್ಲಾ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಯುತ್ತಿರುತ್ತೇವೆ. ಗಾವಸ್ಕರ್, ಸೆಹ್ವಾಗ್, ದ್ರಾವಿಡ್, ತೆಂಡೂಲ್ಕರ್, ವಿಶ್ವನಾಥ್, ಕೊಹ್ಲಿ, ಧೋನಿ, ಕಪಿಲ್ ದೇವ್, ಕುಂಬ್ಳೆ, ಬುಮ್ರಾ. ಇಲ್ಲಿಗೆ ಹತ್ತು ಮಂದಿ ಆಯಿತು. ಹನ್ನೊಂದನೆಯವರು ಎಡಗೈ ಸ್ಪಿನ್ ಬೌಲರ್ ಆಗಬೇಕು. ಜಗಳ ಶುರುವಾಗೋದೇ ಇಲ್ಲಿ. ಒಬ್ಬರು ಬಿಷನ್ ಸಿಂಗ್ ಬೇಡಿ ಅಂತಾರೆ, ಇನ್ನೊಬ್ಬರು ವಿನೂ ಮಂಕಡ್ ಅಂತಾರೆ, ಮತ್ತೊಬ್ಬರು ಜಡೇಜಾ ಅಂತಾರೆ.

ನಾನು ಹೇಳುವ ಹೆಸರು ಪಾಲ್ವಂಕರ್ ಬಾಲು. ಇವರು ಒಂದೇ ಒಂದು ಟೆಸ್ಟ್ ಪಂದ್ಯವನ್ನೂ ಆಡಿದವರಲ್ಲ. ಹಾಗಾದ್ರೆ ಟೀಮಿಗೆ ಹೇಗೆ ಬಂದರು ಅಂತ ನೀವು ಕೇಳಬಹುದು. ದಯವಿಟ್ಟು ಪೂರ್ತಿ ಓದಿರಿ, ಆಮೇಲೆ ಹೇಳಿರಿ.

ಜನನ ಮತ್ತು ಬಾಲ್ಯ

ಬಾಲು ಅವರು ಸುಮಾರು 1875-76ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದರು. ಇದು ನಮಗೆ ಹೆಮ್ಮೆಯ ವಿಷಯ. ಅವರ ಮನೆತನದ ಮೂಲ ಊರು ಕೊಂಕಣದ ಪಾಲ್ವಣ. ಅದರಿಂದಲೇ ಪಾಲ್ವಂಕರ್ ಎಂಬ ಹೆಸರು ಬಂತು. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದರು. ಇವರದು ಚರ್ಮದ ಕೆಲಸ ಮಾಡುವ ಸಮುದಾಯ. ಆ ಕಾಲದಲ್ಲಿ ಇವರನ್ನು ಅಸ್ಪೃಶ್ಯರು ಎಂದು ದೂರ ಇಡುತ್ತಿದ್ದರು. ಬಾಲು ಅವರಿಗೆ ಶಿವರಾಮ, ವಿಠ್ಠಲ, ಗಣಪತ ಎಂಬ ತಮ್ಮಂದಿರು ಇದ್ದರು. ಆಶ್ಚರ್ಯ ಏನಂದ್ರೆ ನಾಲ್ಕೂ ಜನ ದೊಡ್ಡ ಕ್ರಿಕೆಟ್ ಆಟಗಾರರಾದರು.

ರೋಲರ್ ಎಳೆಯುವ ಹುಡುಗ

ಬಾಲು ಅವರಿಗೆ ಮೊದಲು ಕೆಲಸ ಸಿಕ್ಕಿದ್ದು ಪುಣೆಯಲ್ಲಿ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು ಅವರ ಕೆಲಸ. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಹೊತ್ತಿಗೆ ಬ್ರಿಟಿಷರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ 4 ರೂಪಾಯಿ. ಪಿಚ್ ಸಿದ್ಧ ಮಾಡಬೇಕು, ನೆಟ್ ಕಟ್ಟಬೇಕು, ಸಾಹೇಬರು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಬೌಲಿಂಗ್ ಕೂಡ ಹಾಕಬೇಕು.

ಅಲ್ಲಿ ಗ್ರೇಗ್ ಎಂಬ ಒಳ್ಳೆಯ ಬ್ಯಾಟ್ಸ್‌ಮನ್ ಇದ್ದ. ಬಾಲು ತನ್ನನ್ನು ಔಟ್ ಮಾಡಿದರೆ ಪ್ರತಿ ಸಲ ಎಂಟಾಣೆ ಕೊಡುತ್ತಿದ್ದ ಎಂದು ಹೇಳುತ್ತಾರೆ. ಸಂಬಳವೇ 4 ರೂಪಾಯಿ ಇರುವಾಗ ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ ಬಂದ ಹಾಗೆ. ನೀವೇ ಲೆಕ್ಕ ಹಾಕಿರಿ. ಸಾವಿರಾರು ಚೆಂಡು ಹಾಕಿ ಹಾಕಿ ಅವರ ಕೈ ಪಳಗಿತು. ಎಡಗೈಯಿಂದ ಚೆಂಡನ್ನು ಎರಡೂ ಕಡೆ ತಿರುಗಿಸುವುದನ್ನು ಕಲಿತರು. ಆದರೆ ಅಲ್ಲಿ ಅವರ ಕೈಗೆ ಬ್ಯಾಟ್ ಮಾತ್ರ ಕೊಡಲಿಲ್ಲ. ಬ್ಯಾಟಿಂಗ್ ಏನಿದ್ದರೂ ಸಾಹೇಬರಿಗೆ, ಬೆವರು ಸುರಿಸೋದು ಆಳುಗಳಿಗೆ!

ಮಣ್ಣಿನ ಕುಡಿಕೆಯಲ್ಲಿ ಚಹಾ

ಪುಣೆಯಲ್ಲಿ ಹಿಂದೂಗಳ ಟೀಮ್ ಒಂದಿತ್ತು. ಅವರಿಗೆ ಬ್ರಿಟಿಷರನ್ನು ಸೋಲಿಸುವ ಆಸೆ. ಬಾಲು ಇಲ್ಲದೆ ಗೆಲ್ಲೋಕೆ ಆಗೋದಿಲ್ಲ ಅಂತ ಗೊತ್ತಿತ್ತು. ಆದರೆ ಅಸ್ಪೃಶ್ಯನನ್ನು ಸೇರಿಸಿಕೊಳ್ಳೋದು ಹೇಗೆ ಅಂತ ಚರ್ಚೆ ನಡೆಯಿತು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಆದರೆ ಚಹಾದ ವಿರಾಮ ಬಂದಾಗ ಉಳಿದವರು ಒಳಗೆ ಕೂತು ಕಪ್ಪಿನಲ್ಲಿ ಕುಡಿಯುತ್ತಿದ್ದರು. ಬಾಲು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ಕುಡಿದ ಮೇಲೆ ಅದನ್ನು ಎಸೆದುಬಿಡೋದು. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಅದೇ ಚೆಂಡು, ಅದೇ ಕೈ! ಚೆಂಡಿಗೆ ಇಲ್ಲದ ಮೈಲಿಗೆ ಚಹಾಕ್ಕೆ ಎಲ್ಲಿಂದ ಬಂತೋ ನನಗಂತೂ ತಿಳಿಯಲಿಲ್ಲ.

ವಿಕೆಟ್‌ಗಳು ಬೀಳುತ್ತಾ ಹೋದ ಹಾಗೆ ಈ ಕಟ್ಟುಗಳು ನಿಧಾನವಾಗಿ ಸಡಿಲವಾದವು. ಮುಂದೆ ಅವರು ಬೊಂಬಾಯಿಗೆ ಹೋದರು. ಅಲ್ಲಿ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮಖಾನಾ ಟೀಮಿನಲ್ಲಿಯೂ ಜಾಗ ಸಿಕ್ಕಿತು.

ದೊಡ್ಡ ಗೆಲುವು

1906ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಹಿಂದೂಗಳ ಟೀಮಿಗೂ ಯುರೋಪಿಯನ್ನರ ಟೀಮಿಗೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160 ರನ್ ಹೊಡೆದರು. ಯುರೋಪಿಯನ್ನರು 191 ಮತ್ತು 102ಕ್ಕೆ ಆಲ್ ಔಟ್. ಹಿಂದೂಗಳಿಗೆ 109 ರನ್ನಿನ ಜಯ. ಬಾಲು ಎರಡೂ ಇನ್ನಿಂಗ್ಸ್ ಸೇರಿ 8 ವಿಕೆಟ್ ತೆಗೆದರು. ತಮ್ಮ ಶಿವರಾಮನೂ ಆ ಟೀಮಿನಲ್ಲಿದ್ದ. ದೇಶವನ್ನು ಆಳುತ್ತಿದ್ದವರನ್ನು ಮೈದಾನದಲ್ಲಾದರೂ ಸೋಲಿಸಿದ್ದು ಜನರಿಗೆ ಬಹಳ ಖುಷಿ ಕೊಟ್ಟಿತು.

1911ರಲ್ಲಿ ಭಾರತದ ಟೀಮ್ ಇಂಗ್ಲೆಂಡಿಗೆ ಹೋಯಿತು. ಪಟಿಯಾಲದ ಮಹಾರಾಜರು ಕ್ಯಾಪ್ಟನ್. ನಮ್ಮವರು ಹೆಚ್ಚು ಪಂದ್ಯಗಳನ್ನು ಸೋತರು. ಆದರೆ ಬಾಲು ಒಬ್ಬರೇ 114 ವಿಕೆಟ್ ಕಿತ್ತರು! ಆಗ ಅವರಿಗೆ ವಯಸ್ಸು 35ರ ಆಸುಪಾಸು. ಇಂಗ್ಲೆಂಡಿನವರೇ ಹೊಗಳಿದರು. ಡಾ. ಬಿ. ಆರ್. ಅಂಬೇಡ್ಕರ್ ಅವರು ಆಗ ಇನ್ನೂ ಇಪ್ಪತ್ತು ವರ್ಷದ ಯುವಕರು. ತುಳಿತಕ್ಕೆ ಒಳಗಾದ ಸಾವಿರಾರು ಜನರಂತೆ ಅವರಿಗೂ ಬಾಲು ಎಂದರೆ ಅಭಿಮಾನ.

ಕ್ಯಾಪ್ಟನ್ ಪಟ್ಟದ ಪ್ರಶ್ನೆ

ಇಷ್ಟೆಲ್ಲಾ ಆದರೂ ಹಿಂದೂ ಟೀಮಿಗೆ ಬಾಲು ಅವರನ್ನು ಕ್ಯಾಪ್ಟನ್ ಮಾಡಲಿಲ್ಲ. ಅತ್ಯಂತ ಹಿರಿಯರು ಅವರೇ, ಅತ್ಯಂತ ಒಳ್ಳೆಯ ಬೌಲರ್ ಅವರೇ. ಆದರೆ ಜಾತಿ ಅಡ್ಡ ಬಂತು. 1913ರಲ್ಲಿ ಎಂ. ಡಿ. ಪೈ ಎಂಬುವರನ್ನು ಕ್ಯಾಪ್ಟನ್ ಮಾಡಿ ಸನ್ಮಾನಿಸಿದಾಗ, ಈ ಗೌರವ ನಿಜವಾಗಿ ಬಾಲು ಅವರಿಗೆ ಸಲ್ಲಬೇಕಿತ್ತು ಎಂದು ಪೈ ಅವರೇ ಸಭೆಯಲ್ಲಿ ಹೇಳಿದರು. ಪೈ ಅವರದು ದೊಡ್ಡ ಮನಸ್ಸು. 1920ರಲ್ಲಿ ವಿಠ್ಠಲ ಅವರನ್ನು ಬಿಟ್ಟು ಬೇರೆಯವರಿಗೆ ನಾಯಕತ್ವ ಕೊಟ್ಟಾಗ ವಿಠ್ಠಲ, ಶಿವರಾಮ ಇಬ್ಬರೂ ಪ್ರತಿಭಟಿಸಿ ಟೀಮಿನಿಂದ ಹೊರಗೆ ಉಳಿದರು. ಕೊನೆಗೆ 1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದರು. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದರು. ಅಣ್ಣ ಉತ್ತ ಹೊಲದಲ್ಲಿ ತಮ್ಮ ಬೆಳೆ ಕೊಯ್ದ ಹಾಗೆ ಆಯಿತು.

ಮುಂದಿನ ಜೀವನ

ಬಾಲು ರಾಜಕೀಯಕ್ಕೂ ಬಂದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೋ ಬೇಡವೋ ಎಂಬ ವಿಷಯದಲ್ಲಿ ಅವರು ಗಾಂಧೀಜಿ ಕಡೆ ಇದ್ದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ಅವರ ಎದುರು ನಿಂತು ಸೋತರು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲು ಅವರಿಗೆ 11,225 ಮತ. ಇಬ್ಬರೂ ದೊಡ್ಡವರೇ, ದಾರಿ ಬೇರೆ ಬೇರೆ. 1955ರ ಜುಲೈ ತಿಂಗಳಲ್ಲಿ ಬಾಲು ಬೊಂಬಾಯಿಯಲ್ಲಿ ತೀರಿಕೊಂಡರು. ಬಹಳ ವರ್ಷ ಅವರನ್ನು ಜನ ಮರೆತಿದ್ದರು. ಬೆಂಗಳೂರಿನಲ್ಲಿ ಇರುವ ಇತಿಹಾಸಕಾರ ರಾಮಚಂದ್ರ ಗುಹಾ ಅವರು 2002ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇವರ ಬಗ್ಗೆ ವಿವರವಾಗಿ ಬರೆದ ಮೇಲೆ ಮತ್ತೆ ನೆನಪಾದರು.

ಟೀಮಿಗೆ ಯಾಕೆ ಬೇಕು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಭಾರತ ಮೊದಲ ಟೆಸ್ಟ್ ಆಡಿದ್ದೇ 1932ರಲ್ಲಿ. ಆಗ ಬಾಲು ಅವರಿಗೆ 55 ದಾಟಿತ್ತು. ಟೆಸ್ಟ್ ಆಡದೆ ಇದ್ದದ್ದು ಅವರ ತಪ್ಪಲ್ಲ. ಅವರು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್ ತೆಗೆದಿದ್ದಾರೆ. ಅಂದರೆ ಪಂದ್ಯಕ್ಕೆ ಐದಕ್ಕಿಂತ ಹೆಚ್ಚು. ಒಂದು ವಿಕೆಟ್ಟಿಗೆ ಕೊಟ್ಟದ್ದು ಸರಾಸರಿ 15 ರನ್ ಮಾತ್ರ. ಬೇಡಿಯವರು 67 ಟೆಸ್ಟಿನಲ್ಲಿ 266 ವಿಕೆಟ್ ತೆಗೆದವರು, ಮಂಕಡ್ ಅವರು 44 ಟೆಸ್ಟಿನಲ್ಲಿ 162 ತೆಗೆದವರು. ಅವರೂ ಬಹಳ ದೊಡ್ಡವರು. ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ, ಒಂದೇ ತಕ್ಕಡಿಯಲ್ಲಿ ಹಾಕೋಕೆ ಬರೋದಿಲ್ಲ. ಆದರೆ ಬೇಡಿ, ಮಂಕಡ್ ಇಬ್ಬರಿಗೂ ಭಾರತದ ಕ್ಯಾಪ್ಟನ್ ಪಟ್ಟ ಸಿಕ್ಕಿತ್ತು. ಬಾಲು ಅವರಿಗೆ ತಮ್ಮ ಟೀಮಿನಲ್ಲಿ ಕಪ್ಪಿನ ಚಹಾ ಸಿಗುವುದಕ್ಕೂ ವಿಕೆಟ್ ತೆಗೆಯಬೇಕಾಗಿತ್ತು.

ಆದ್ದರಿಂದ ನನ್ನ ಟೀಮಿನ ಹನ್ನೊಂದನೆಯವರು ಬಾಲು. ಕ್ಯಾಪ್ಟನ್ ಕೂಡ ಅವರೇ. ಕಪಿಲ್ ದೇವ್, ಧೋನಿ ಇಬ್ಬರೂ ವಿಶ್ವಕಪ್ ಗೆದ್ದವರು, ಅವರನ್ನು ಬಿಟ್ಟು ಇವರಿಗ್ಯಾಕೆ, ಪಾಪ ಅಂತ ಕೊಡ್ತೀಯಾ ಅಂತ ಕೆಲವರು ಕೇಳಬಹುದು. ಪಾಪ ಅಂತ ಅಲ್ಲ. ಜೊತೆಗೆ ಆಡಿ ಕ್ಯಾಪ್ಟನ್ ಆದ ಪೈ ಅವರೇ 1913ರಲ್ಲಿ ಇದನ್ನು ಒಪ್ಪಿದ್ದಾರೆ. ನಾನು ಬರೀ ಆ ಬಾಕಿ ತೀರಿಸಿದ್ದೇನೆ ಅಷ್ಟೆ.

ನಿಮ್ಮ ಟೀಮ್ ಬೇರೆ ಇದ್ದರೆ ಕಾರಣ ಸಮೇತ ಬರೆದು ಮುಂದಿನ ಸಂಚಿಕೆಗೆ ಕೊಡಿರಿ. ಆದರೆ ನಮ್ಮ ಮೈದಾನದಲ್ಲಿ ಆಡುವ ಟೀಮ್ ಆರಿಸುವಾಗಲೂ ಒಂದು ಮಾತು ನೆನಪಿಡಿರಿ. ಯಾರ ಮನೆಯವರು, ಯಾವ ಓಣಿಯವರು ಅಂತ ನೋಡಬೇಡಿರಿ. ಚೆಂಡು ಹೇಗೆ ತಿರುಗುತ್ತೆ ಅಂತ ನೋಡಿರಿ.

ಜೈ ಹಿಂದ್, ಜೈ ಕರ್ನಾಟಕ.

ಏಳನೇ ತರಗತಿ