ತಾಯ ಬಾಯೇ ಪಾಠಶಾಲೆ: ಪಂಡಿತಾ ರಮಾಬಾಯಿ

ಹತ್ತೊಂಬತ್ತನೆಯ ಶತಮಾನದ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಪಂಡಿತಾ ರಮಾಬಾಯಿಯವರ (1858-1922) ಹೆಸರು ಸುಪರಿಚಿತವಾದುದು. ವಿಧವೆಯರಿಗೆ ಆಶ್ರಯವಿತ್ತವರು, ಮತಾಂತರದ ವಿವಾದಕ್ಕೆ ಗುರಿಯಾದ ವಿದುಷಿ ಎಂಬ ನೆಲೆಗಳಲ್ಲಿ ಅವರನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಮಗುವಿನ ನಾಲಗೆಗೆ ನುಡಿ ಹೇಗೆ ಒದಗುತ್ತದೆ ಎಂಬ ಪ್ರಶ್ನೆಗೂ ಅವರ ಬದುಕಿನಲ್ಲಿ ಬೆಲೆಯುಳ್ಳ ಸಾಕ್ಷ್ಯವಿದೆ. ಕನ್ನಡ ನಾಡಿನ ಕಾಡಿನಲ್ಲಿ ಹುಟ್ಟಿ ಪುಣೆಯನ್ನು ಕರ್ಮಭೂಮಿಯಾಗಿಸಿಕೊಂಡ ಈ ಮಹಿಳೆಯನ್ನು ಆ ದೃಷ್ಟಿಯಿಂದ ನೋಡುವುದು ಉಚಿತವಾಗಿದೆ.

ಈ ಕಥೆಯ ಬೀಜ ಬಿದ್ದುದು ಪುಣೆಯಲ್ಲಿಯೇ. ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದಕ್ಷಿಣ ಕನ್ನಡದಲ್ಲಿ ನೆಲೆಸಿದ್ದ ಚಿತ್ಪಾವನ ಮನೆತನದವರು. ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳ ಬಳಿ ಸಂಸ್ಕೃತವನ್ನು ಅಭ್ಯಾಸ ಮಾಡಿದರು. ಗುರುಗಳು ಪೇಶ್ವೆಯ ಅಂತಃಪುರದಲ್ಲಿ ರಾಣಿಗೂ ಪಾಠ ಹೇಳುತ್ತಿದ್ದರು. ರಾಣಿಯ ಬಾಯಿಂದ ಸಂಸ್ಕೃತ ಶ್ಲೋಕಗಳು ಸ್ಫುಟವಾಗಿ ಹೊರಡುವುದನ್ನು ಕೇಳಿದ ತರುಣ ಅನಂತಶಾಸ್ತ್ರಿ ತನ್ನ ಪತ್ನಿಗೂ ಆ ವಿದ್ಯೆಯನ್ನು ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಪತ್ನಿಯ ವಿಷಯದಲ್ಲಿ ಮನೆಯವರ ವಿರೋಧದಿಂದ ಅದು ಸಾಧ್ಯವಾಗಲಿಲ್ಲ. ಆಕೆಯ ಮರಣಾನಂತರ ಕೈಹಿಡಿದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದಾಗ ಸಮಾಜ ಆಕ್ಷೇಪಿಸಿತು. ಸ್ತ್ರೀಯರಿಗೆ ಸಂಸ್ಕೃತ ಹೇಳಿಕೊಡುವುದು ನಿಷಿದ್ಧವಲ್ಲವೆಂದು ಅವರು ಉಡುಪಿಯ ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳೊಡನೆ ವಾದಿಸಬೇಕಾಯಿತು. ಬಳಿಕ ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದುದು ಅಲ್ಲಿಯೇ.

ಕೂಸಿಗೆ ಆರು ತಿಂಗಳಾಗಿದ್ದಾಗಲೇ ಕುಟುಂಬ ಆಶ್ರಮವನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಮಗುವನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವಿಳಿಸಿದನೆಂದು ಅವರ ಚರಿತ್ರೆ ತಿಳಿಸುತ್ತದೆ. ಅಲ್ಲಿಂದ ಮುಂದೆ ದೇವಾಲಯದ ಜಗಲಿ, ನದೀತೀರ, ಛತ್ರಗಳೇ ಮನೆಯಾದವು, ಪುರಾಣಪಠಣವೇ ಜೀವನೋಪಾಯವಾಯಿತು. ತಂದೆಗೆ ವಯಸ್ಸಾಗಿದ್ದುದರಿಂದ ಕಿರಿಯ ಮಗಳ ಪಾಠದ ಹೊಣೆ ತಾಯಿಯದಾಯಿತು. ಹಗಲೆಲ್ಲ ದುಡಿಮೆಯಿದ್ದ ಆ ತಾಯಿ ಬೆಳಗಿನ ಜಾವದಲ್ಲಿ ನಿದ್ದೆಗಣ್ಣಿನ ಮಗುವನ್ನು ಮುದ್ದಿಸಿ ಎಬ್ಬಿಸಿ, ಶ್ಲೋಕಗಳನ್ನು ತಾನು ಹೇಳಿ ಮಗಳಿಂದ ಹೇಳಿಸುತ್ತಿದ್ದರು. ಹೀಗೆ ಬಾಲ್ಯದಲ್ಲಿಯೇ ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಯವರಿಗೆ ಕಂಠಸ್ಥವಾದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಸ್ಕೃತವನ್ನು ತಾಯಿ ಕಲಿಸಿದರು; ಮನೆಮಾತಾದ ಮರಾಠಿಯನ್ನು ಯಾರೂ ಕಲಿಸಲಿಲ್ಲ. ಅಲೆದಾಟದಲ್ಲಿ ಕಿವಿಗೆ ಬಿದ್ದ ಕನ್ನಡ, ಹಿಂದೂಸ್ತಾನಿಗಳಿಗೂ ಗುರುವಿರಲಿಲ್ಲ. ಮಗು ಮೊದಲ ವರ್ಷದೊಳಗೇ ಸುತ್ತಲಿನ ನುಡಿಯ ಧ್ವನಿಭೇದಗಳಿಗೆ ಕಿವಿಯನ್ನು ಹೊಂದಿಸಿಕೊಳ್ಳುತ್ತದೆ. ವರ್ಷ ತುಂಬುವ ವೇಳೆಗೆ ಬಿಡಿ ಪದ, ಎರಡನೆಯ ವರ್ಷದ ಸುಮಾರಿಗೆ ಪದಗಳ ಜೋಡಣೆ ಕಾಣಿಸಿಕೊಳ್ಳುತ್ತವೆ. ಈ ಕ್ರಮವನ್ನು ಭಾಷಾವಿಜ್ಞಾನ ಇಂದು ವಿಶದವಾಗಿ ವಿವರಿಸಿದೆ. ಇದಕ್ಕೆ ಬೇಕಾದುದು ವ್ಯಾಕರಣದ ಪಾಠವಲ್ಲ, ತನ್ನೊಡನೆ ಮಾತಾಡುವ ಜನ. ರಮಾಬಾಯಿಯವರ ಸಂಸ್ಕೃತವೂ ಬಾಯಿಪಾಠದಲ್ಲಿಯೇ ನಿಂತುಹೋಗದೆ ಆಡುವ ನುಡಿಯಾಗಿ ಬೆಳೆಯಲು ತಂದೆತಾಯಿ, ಅಣ್ಣ, ಅಕ್ಕ ಎಲ್ಲರೂ ಅದರಲ್ಲಿ ನುರಿತಿದ್ದುದೇ ಕಾರಣವೆನ್ನಬೇಕು.

1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದ ರಮಾಬಾಯಿಯವರ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಬಂಗಾಳದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ 1880ರಲ್ಲಿ ವಿವಾಹವಾಯಿತು. 1882ರಲ್ಲಿ ವೈಧವ್ಯ ಒದಗಿತು. ಅದೇ ವರ್ಷ ಹಸುಗೂಸು ಮನೋರಮಾಳೊಂದಿಗೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಮರಾಠಿಯಲ್ಲಿ ಸಾಕ್ಷ್ಯ ನುಡಿದು, ಶಿಕ್ಷಕಿಯರಾಗುವವರಿಗೆ ಸ್ವಭಾಷೆಯ ಶುದ್ಧವಾದ ಜ್ಞಾನವಿರಬೇಕೆಂದು ಪ್ರತಿಪಾದಿಸಿದರು.

1883ರಲ್ಲಿ ಇಂಗ್ಲೆಂಡಿಗೆ ತೆರಳಿದಾಗ ಮಗಳಿಗೆ ಎರಡು ವರ್ಷ. ಮಾತು ಕೂಡುವ ವಯಸ್ಸು. ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ, ಎಷ್ಟೋ ವೇಳೆ ತಾಯಿಯಿಂದ ದೂರವಾಗಿ, ಆ ಮಗು ಇಂಗ್ಲಿಷಿನ ನಡುವೆ ಬೆಳೆಯಿತು. ತಾಯ ಬಾಯನ್ನೇ ಪುಸ್ತಕವಾಗಿಸಿಕೊಂಡಿದ್ದ ಮಗಳು ತಾನು ತಾಯಿಯಾದಾಗ ಆ ಭಾಗ್ಯವನ್ನು ತನ್ನ ಕೂಸಿಗೆ ಪೂರ್ಣವಾಗಿ ಕೊಡಲಾಗಲಿಲ್ಲ. ಈ ಜೀವನದ ಕಠಿಣ ವೈದೃಶ್ಯಗಳಲ್ಲಿ ಇದೊಂದು.

1886ರಲ್ಲಿ ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು ಫಿಲಡೆಲ್ಫಿಯಕ್ಕೆ ಹೋದವರು ಅಮೆರಿಕದಲ್ಲಿಯೇ ಉಳಿದು ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿದರು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಈ ಕ್ರಮದಲ್ಲಿ ಅಕ್ಷರಕ್ಕಿಂತ ಮೊದಲು ಆಟ, ಹಾಡು, ವಸ್ತುಗಳ ಸ್ಪರ್ಶ ಬರುತ್ತವೆ. ಕೈಗೆ ಸಿಕ್ಕಿದುದಕ್ಕೆ ಬಾಯಿ ಹೆಸರಿಡುತ್ತದೆ. ಜಾವದ ಪಾಠವನ್ನುಂಡವರಿಗೆ ಇದು ತೀರ ಅಪರಿಚಿತವೆನಿಸಿರಲಾರದು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. ವಿದ್ಯಾರ್ಥಿನಿಯರ ಮತಾಂತರದ ಪ್ರಶ್ನೆಯಿಂದ 1893ರಲ್ಲಿ ಪುಣೆಯ ಸುಧಾರಕರು ಬೆಂಬಲವನ್ನು ಹಿಂತೆಗೆದುಕೊಂಡರೂ ಕೆಲಸ ನಿಲ್ಲಲಿಲ್ಲ. 1896-97ರ ಮತ್ತು 1900ರ ಕ್ಷಾಮಗಳಲ್ಲಿ ಮಧ್ಯಪ್ರಾಂತ, ಗುಜರಾತುಗಳಿಂದ ಅನಾಥ ಬಾಲೆಯರನ್ನು ಕರೆತಂದು ಪುಣೆ ಜಿಲ್ಲೆಯ ಕೇಡಗಾವಿನ ಮುಕ್ತಿ ಸದನದಲ್ಲಿ ನೆಲೆಗೊಳಿಸಿದರು. ಹಲವು ಮನೆಮಾತುಗಳ ಮಕ್ಕಳು ಅಲ್ಲಿ ಒಂದೇ ಅಂಗಳದಲ್ಲಿ ಬೆಳೆದರು. ಅವರಿಗೆ ಕಿಂಡರ್‌ಗಾರ್ಟನ್ ತರಗತಿಗಳೂ ಕುರುಡರಿಗೆ ಬ್ರೈಲ್ ಪಾಠವೂ ಇದ್ದವು. ಹುಟ್ಟಿದ ನಾಡಿನ ಋಣವೆಂಬಂತೆ 1910ರ ದಶಕದಲ್ಲಿ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿಯೂ ಶಾಲೆಯೊಂದನ್ನು ತೆರೆದರು.

ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ತಂದರು. ಸಂಸ್ಕೃತದಲ್ಲಿ ಅಷ್ಟು ಪಾರಂಗತರಾಗಿದ್ದರೂ ಓದುಬಾರದ ಹೆಂಗಸರು ಕೇಳಿದೊಡನೆ ಗ್ರಹಿಸಬಲ್ಲ ಸರಳ ಮರಾಠಿಯನ್ನೇ ಆರಿಸಿಕೊಂಡರು. ಸದನದ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ಮುದ್ರಿಸಿದರು. 1921ರಲ್ಲಿ ಮನೋರಮಾ ತೀರಿಕೊಂಡರು; 1922ರ ಏಪ್ರಿಲ್ 5ರಂದು ತಾಯಿಯೂ ಇಲ್ಲವಾದರು. ಸಂಪೂರ್ಣ ಗ್ರಂಥ ಪ್ರಕಟವಾದುದು 1924ರಲ್ಲಿ.

ಅವರ ಮತಶ್ರದ್ಧೆಯನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ನುಡಿ ಕಿವಿಯ ಮೂಲಕ, ಮಮತೆಯ ಸನ್ನಿಧಿಯಲ್ಲಿ ಮಗುವಿಗೆ ದಕ್ಕುತ್ತದೆಂಬುದನ್ನು ಬಾಲ್ಯದಲ್ಲಿ ಉಂಡು, ತಾಯಿಯಿಲ್ಲದ ಮಕ್ಕಳಿಗೂ ಅದು ದೊರೆಯುವಂತೆ ಮಾಡಲು ಅವರು ದುಡಿದರು. ಮಕ್ಕಳ ಮನೆಮಾತನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಶಿಶುವಿಹಾರಗಳನ್ನು ನಡೆಸುವ ನಮ್ಮ ಕಾಲಕ್ಕೆ ಈ ಜೀವನ ಪುನರವಲೋಕನಯೋಗ್ಯವಾಗಿದೆ.