ನಬೊಕೊವನ ಪ್ರಶ್ನೆಪತ್ರಿಕೆ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಯೂರೋಪಿನ ಕಾದಂಬರಿಗಳನ್ನು ಅಭ್ಯಾಸಮಾಡುತ್ತಿದ್ದ ವಿದ್ಯಾರ್ಥಿಗಳು ಪರೀಕ್ಷೆಯ ದಿನ ವಿಚಿತ್ರವಾದ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತಿತ್ತು. ಫ್ಲೊಬೇರನ ‘ಮದಾಂ ಬೊವಾರಿ’ಯ ನಾಯಕಿ ಎಮ್ಮಾಳ ಕಣ್ಣು, ಕೈ, ಕೊಡೆ, ಕೇಶಾಲಂಕಾರ, ಪಾದರಕ್ಷೆಗಳು ಹೇಗಿದ್ದುವೆಂದು ಬರೆಯಬೇಕು, ಅದೇ ಕೃತಿಯಲ್ಲಿ ‘ಮತ್ತು’ ಎಂಬ ಅಲ್ಪಪದವನ್ನು ಕರ್ತೃ ಹೇಗೆ ದುಡಿಸಿಕೊಂಡಿದ್ದಾನೆಂದು ವಿವೇಚಿಸಬೇಕು, ಡಿಕನ್ಸನ ‘ಬ್ಲೀಕ್ ಹೌಸ್’ನಲ್ಲಿ ಎಸ್ತರಳಿಗೆ ಮೂವರು ವರಾರ್ಥಿಗಳನ್ನು ಕಲ್ಪಿಸುವ ಅಗತ್ಯ ಏಕೆ ಬಿದ್ದಿತೆಂದು ತಿಳಿಸಬೇಕು. ಕಾದಂಬರಿಯ ಸಂದೇಶವೇನು, ನಾಯಕಿಯ ಶೀಲವೆಂಥದು, ಸಮಕಾಲೀನ ಸಮಾಜ ಅದರಲ್ಲಿ ಎಷ್ಟರಮಟ್ಟಿಗೆ ಪ್ರತಿಬಿಂಬಿತವಾಗಿದೆ ಎಂಬ ಚಿರಪರಿಚಿತ ಪ್ರಶ್ನೆಗಳಿಗೆ ಉತ್ತರವನ್ನು ಉರುಹೊಡೆದು ಬಂದವರಿಗೆ ಆ ದಿನ ಗತಿಯಿರಲಿಲ್ಲ. ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದ ಅಧ್ಯಾಪಕ ವ್ಲಾದಿಮಿರ್ ನಬೊಕೊವ್, ತಾಯ್ನಾಡನ್ನು ಕಳೆದುಕೊಂಡು ಬಂದಿದ್ದ ರಷ್ಯನ್ ಕಾದಂಬರಿಕಾರ.

ಅವನು ಹುಟ್ಟಿದ್ದು 1899ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಶ್ರೀಮಂತ ಮನೆತನದಲ್ಲಿ. ರಷ್ಯನ್, ಇಂಗ್ಲಿಷ್, ಫ್ರೆಂಚ್ ಮೂರೂ ಬಾಲ್ಯದಿಂದಲೇ ಅವನಿಗೆ ಮನೆಯ ಭಾಷೆಗಳಾಗಿದ್ದುವು. ಇನ್ನೂ ಇಪ್ಪತ್ತು ತುಂಬದಿದ್ದಾಗಲೇ ಸೋದರಮಾವನ ಅಪಾರವಾದ ಆಸ್ತಿ ಅವನ ಪಾಲಿಗೆ ಬಂದಿತು. 1917ರ ಕ್ರಾಂತಿಯಲ್ಲಿ ಅದೆಲ್ಲವೂ ಹೋಯಿತು. 1919ರಲ್ಲಿ ಕುಟುಂಬ ದೇಶವನ್ನೇ ತೊರೆಯಿತು. ಉದಾರವಾದಿ ರಾಜಕಾರಣಿಯಾಗಿದ್ದ ತಂದೆ 1922ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ, ಇನ್ನೊಬ್ಬರ ಮೇಲೆ ನಡೆದ ದಾಳಿಯನ್ನು ತಡೆಯಲು ಹೋಗಿ ಗುಂಡಿಗೆ ಬಲಿಯಾದ. ಕೇಂಬ್ರಿಜ್‌ನಲ್ಲಿ ಓದು ಮುಗಿಸಿದ ಮಗ ಬರ್ಲಿನ್ನಿನಲ್ಲಿ ಇಂಗ್ಲಿಷ್ ಪಾಠ, ಟೆನಿಸ್ ಪಾಠಗಳನ್ನು ಹೇಳಿ ಜೀವನ ಸಾಗಿಸುತ್ತ, ‘ಸಿರಿನ್’ ಎಂಬ ಕಾವ್ಯನಾಮದಿಂದ ಕಾದಂಬರಿಗಳನ್ನು ಬರೆಯುತ್ತ ಹದಿನೈದು ವರ್ಷ ಕಳೆದ. ಪತ್ನಿ ವೀರಾ ಯೆಹೂದ್ಯ ಕುಲದವಳು. ಹಿಟ್ಲರನ ಜರ್ಮನಿಯಿಂದ ಫ್ರಾನ್ಸಿಗೆ, ಅಲ್ಲಿಂದ 1940ರಲ್ಲಿ ಅಮೆರಿಕಕ್ಕೆ, ಎರಡು ಬಾರಿಯೂ ಆಪತ್ತು ಬೆನ್ನಹಿಂದೆಯೇ ಇದ್ದಾಗ ಸಂಸಾರ ಪಾರಾಯಿತು.

ಇದನ್ನು ತಿಳಿಯದೆ ಅವನ ಪ್ರಶ್ನೆಪತ್ರಿಕೆ ಅರ್ಥವಾಗದು. ಹತ್ತೊಂಬತ್ತನೆಯ ಶತಮಾನದ ರಷ್ಯದಲ್ಲಿ ಬೆಲಿನ್‌ಸ್ಕಿ, ಚೆರ್ನಿಷೆವ್‌ಸ್ಕಿ ಮೊದಲಾದ ವಿಮರ್ಶಕರು ಕಾದಂಬರಿಯಿಂದ ಸಮಾಜಕ್ಕೇನು ಪ್ರಯೋಜನವೆಂದು ಕೇಳುವ ಪದ್ಧತಿಯನ್ನು ಬೆಳೆಸಿದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಕ್ರಾಂತಿಯ ತರುವಾಯ ಸರ್ಕಾರವೇ ಆ ಪ್ರಶ್ನೆಯನ್ನು ಕೇಳತೊಡಗಿತು. ಉತ್ತರ ತಪ್ಪಾದರೆ ಲೇಖಕನಿಗೆ ತಪ್ಪುತ್ತಿದ್ದುದು ಬರಿಯ ಅಂಕಗಳಲ್ಲ. ನಬೊಕೊವ್ ‘ದಾರ್’ ಎಂಬ ರಷ್ಯನ್ ಕಾದಂಬರಿಯಲ್ಲಿ ಚೆರ್ನಿಷೆವ್‌ಸ್ಕಿಯ ಜೀವನಚರಿತ್ರೆಯನ್ನು ವಿಡಂಬನೆಯ ಧಾಟಿಯಲ್ಲಿ ಒಂದು ಪೂರ್ಣ ಅಧ್ಯಾಯವಾಗಿ ಅಳವಡಿಸಿದ. 1937–38ರಲ್ಲಿ ಆ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿದ ಪ್ಯಾರಿಸ್ಸಿನ ನಿರಾಶ್ರಿತರ ಪತ್ರಿಕೆ ಆ ಅಧ್ಯಾಯವನ್ನು ಬಿಟ್ಟುಬಿಟ್ಟಿತು. ಸೆನ್ಸಾರಿಗೆ ಹೆದರಿ ದೇಶ ಬಿಟ್ಟು ಬಂದವರೇ ಕತ್ತರಿ ಹಿಡಿದದ್ದು! ಇಡಿಯ ಕೃತಿ ಅಚ್ಚಾಗಲು 1952ರವರೆಗೆ ಕಾಯಬೇಕಾಯಿತು.

ಅಮೆರಿಕದಲ್ಲಿ ಅವನಿಗೆ ಎದುರಾದ ತೊಡಕು ಬೇರೆ ಬಗೆಯದು. ವೆಲ್ಸ್‌ಲಿ ಕಾಲೇಜಿನಲ್ಲಿ ಪಾಠ ಹೇಳುತ್ತ, ಹಾರ್ವರ್ಡಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಚಿಟ್ಟೆಗಳನ್ನು ಪರೀಕ್ಷಿಸುತ್ತ ಇದ್ದ ಕಾಲದಲ್ಲಿ ಅವನು ಗೊಗೊಲನನ್ನು ಕುರಿತು ಒಂದು ಪುಸ್ತಕ ಬರೆದ. ಅದು ಗೊಗೊಲನ ಮರಣದಿಂದ ಆರಂಭವಾಗಿ ಜನನದಲ್ಲಿ ಮುಗಿಯುತ್ತದೆ. ಪ್ರಕಾಶಕನಿಗೆ ತೃಪ್ತಿಯಾಗಲಿಲ್ಲ. ಗೊಗೊಲನ ಕೃತಿಗಳಲ್ಲಿ ನಡೆಯುವುದೇನೆಂಬುದನ್ನು ಹೇಳದಿದ್ದರೆ ವಿದ್ಯಾರ್ಥಿಗಳಿಗೆ ಉಪಯೋಗವೇನು ಎಂದು ಆತನ ಆಕ್ಷೇಪ. ನಬೊಕೊವ್ ಕಾಲಾನುಕ್ರಮಣಿಕೆಯೊಂದನ್ನು ಸೇರಿಸಿಕೊಟ್ಟ. ಜೊತೆಗೆ ಪ್ರಕಾಶಕನೊಡನೆ ನಡೆದ ಆ ಸಂಭಾಷಣೆಯನ್ನೇ ಪುಸ್ತಕದ ಕೊನೆಯ ಅಧ್ಯಾಯವನ್ನಾಗಿಸಿ 1944ರಲ್ಲಿ ಅಚ್ಚು ಹಾಕಿಸಿದ. ಪ್ರಕಾಶಕ ಕೇಳಿದ್ದು ಅನ್ಯಾಯವೇನಲ್ಲ. ಕಥಾಸಾರವೂ ಒಂದು ಬರವಣಿಗೆಯೇ. ಕೃತಿಯನ್ನು ಓದದವನಿಗೆ ಅದು ಬೇಕು. ಆದರೆ ನಬೊಕೊವ್ ಬರೆಯುತ್ತಿದ್ದುದು ಓದಿದವನಿಗೆ, ಅಥವಾ ಓದಲೇಬೇಕೆಂದು ಹಟ ಹಿಡಿದವನಿಗೆ.

1948ರಲ್ಲಿ ಕಾರ್ನೆಲ್ಲಿಗೆ ಬಂದ ಮೇಲೆ ಈ ನಿಲುವು ಬೋಧನಕ್ರಮವಾಯಿತು. ಉಪನ್ಯಾಸಗಳನ್ನು ಮೊದಲೇ ಪೂರ್ತಿಯಾಗಿ ಬರೆದು ತಂದು ಓದುತ್ತಿದ್ದ. ಜಾಯ್ಸನ ‘ಯುಲಿಸಿಸ್’ಗಾಗಿ ಡಬ್ಲಿನ್ ನಗರದ ನಕ್ಷೆ, ‘ಆನಾ ಕರೆನಿನ’ದಲ್ಲಿ ಬರುವ ರಾತ್ರಿಯ ರೈಲಿನ ಬೋಗಿಯ ಒಳಗಿನ ಏರ್ಪಾಡು, ಕಾಫ್ಕಾನ ಗ್ರೆಗರ್ ಮಲಗಿದ್ದ ಕೋಣೆಗಳ ವಿನ್ಯಾಸ ಇವನ್ನೆಲ್ಲ ಚಿತ್ರಿಸಿ ತೋರಿಸುತ್ತಿದ್ದ. ಗ್ರೆಗರ್ ಮಾರ್ಪಟ್ಟದ್ದು ಜಿರಲೆಯಾಗಿ ಅಲ್ಲ, ಉಬ್ಬುಬೆನ್ನಿನ ಜೀರುಂಡೆಯಾಗಿ; ಆ ಬೆನ್ನಿನ ಚಿಪ್ಪಿನಡಿಯಲ್ಲಿ ರೆಕ್ಕೆಗಳಿದ್ದಿರಬೇಕು, ಪಾಪ, ಅದು ಅವನಿಗೆ ತಿಳಿಯಲೇ ಇಲ್ಲ ಎಂದು ಕೀಟಶಾಸ್ತ್ರಜ್ಞನ ಅಧಿಕಾರದಿಂದ ಸಾಧಿಸುತ್ತಿದ್ದ. 1952ರಲ್ಲಿ ಹಾರ್ವರ್ಡಿನಲ್ಲಿ ‘ಡಾನ್ ಕ್ವಿಕ್ಸೋಟ್’ ಪಾಠ ಹೇಳುವಾಗ ನಾಯಕನ ಸೋಲುಗೆಲುವುಗಳನ್ನು ಒಂದೊಂದಾಗಿ ಎಣಿಸಿ, ಇಪ್ಪತ್ತಕ್ಕೆ ಇಪ್ಪತ್ತು, ಸಮಸಮವೆಂದು ಲೆಕ್ಕ ಒಪ್ಪಿಸಿದ. ಕಾರ್ನೆಲ್ಲಿನ ತರಗತಿಗೆ ವೀರಾ ತಪ್ಪದೆ ಬರುತ್ತಿದ್ದಳು. ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸದಲ್ಲಿಯೂ ಆಕೆಯ ಪಾಲು ದೊಡ್ಡದು.

ಒಳ್ಳೆಯ ಓದುಗನ ಲಕ್ಷಣವೇನೆಂದು ಅವನು ಒಮ್ಮೆ ಯಾವುದೋ ಕಾಲೇಜಿನಲ್ಲಿ ಹತ್ತು ಉತ್ತರಗಳನ್ನು ಮುಂದಿಟ್ಟು ಆರಿಸಲು ಹೇಳಿದನಂತೆ. ನಾಯಕ ನಾಯಕಿಯರೊಡನೆ ತಾದಾತ್ಮ್ಯವನ್ನೂ ಸಾಮಾಜಿಕ ಆರ್ಥಿಕ ದೃಷ್ಟಿಯನ್ನೂ ವಿದ್ಯಾರ್ಥಿಗಳು ಬಹುವಾಗಿ ಮೆಚ್ಚಿದರು. ಅವನ ಆಯ್ಕೆ ಕಲ್ಪನೆ, ಜ್ಞಾಪಕ, ನಿಘಂಟು ಮತ್ತು ಒಂದಿಷ್ಟು ಕಲಾಪ್ರಜ್ಞೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅವನನ್ನು ಅತಿಯಾಗಿ ಹೊಗಳಿದಂತಾದೀತು. ಕಾದಂಬರಿಯನ್ನು ಕುರಿತು ಬರೆಯಲು ನ್ಯಾಯವಾದ ಉದ್ದೇಶ ಒಂದೇ ಅಲ್ಲ. ಲಂಡನ್ನಿನ ಅನಾಥ ಮಕ್ಕಳ ಪಾಡನ್ನು ತಿಳಿಯಲೆಂದು ಡಿಕನ್ಸನನ್ನು ಓದಿ ಬರೆಯುವ ವಿದ್ಯಾರ್ಥಿ ತಪ್ಪು ಮಾಡಿದಂತಾಗುವುದಿಲ್ಲ. ಎಮ್ಮಾಳ ದುಃಖದಲ್ಲಿ ತನ್ನ ದುಃಖವನ್ನು ಕಂಡು ಬರೆದವಳೂ ತಪ್ಪು ಮಾಡಿದವಳಲ್ಲ. ನಬೊಕೊವನ ತರಗತಿಯಲ್ಲಿ ಇವರಿಬ್ಬರಿಗೂ ಎಡೆಯಿರಲಿಲ್ಲ. ಬರೆಯುವವನಾಗಿ ಮಾತ್ರ ಅವನೇ ಎಷ್ಟು ವೇಷ ತೊಟ್ಟ! ಗೊಗೊಲನ ಮೇಲೆ ಬರೆದದ್ದು ಪ್ರೀತಿಯಿಂದ. ಚೆರ್ನಿಷೆವ್‌ಸ್ಕಿಯ ಮೇಲೆ, ಜಗಳಕ್ಕಾಗಿ. ಪುಷ್ಕಿನ್ನನ ಪದ್ಯಕಾದಂಬರಿ ‘ಯೆವ್ಗೆನಿ ಒನೇಗಿನ್’ಗೆ ಬರೆದದ್ದು ಪಂಡಿತನ ಶ್ರಮದಿಂದ: ಅಕ್ಷರಶಃ ಅನುವಾದ, ವ್ಯಾಖ್ಯಾನ ಎಲ್ಲ ಸೇರಿ ನಾಲ್ಕು ಸಂಪುಟಗಳು, 1964ರಲ್ಲಿ ಹೊರಬಂದುವು. ಅದಕ್ಕೂ ಎರಡು ವರ್ಷ ಮುಂಚೆ ಪ್ರಕಟವಾದ ‘ಪೇಲ್ ಫೈರ್’ನಲ್ಲಿ 999 ಸಾಲುಗಳ ಕವನವೊಂದಕ್ಕೆ ಬುದ್ಧಿವಿಕಲನಾದ ಪಂಡಿತನೊಬ್ಬ ಬರೆದ ವ್ಯಾಖ್ಯಾನವೇ ಕಾದಂಬರಿಯಾಗಿದೆ, ಆ ವ್ಯಾಖ್ಯಾನಕಾರ ಕವನದ ಪ್ರತಿ ಸಾಲಿನಲ್ಲಿಯೂ ತನ್ನ ಕಥೆಯನ್ನೇ ಹುಡುಕುತ್ತಾನೆ. ತರಗತಿಯಲ್ಲಿ ನಿಷೇಧಿಸಿದ್ದ ತಾದಾತ್ಮ್ಯವನ್ನು ಅದರ ಪರಾಕಾಷ್ಠೆಗೆ ಒಯ್ದು, ನಗೆಯನ್ನೂ ಕನಿಕರವನ್ನೂ ಒಟ್ಟಿಗೆ ಹುಟ್ಟಿಸಿದ ಕೃತಿ ಅದು. ಉಪನ್ಯಾಸಕ ನಬೊಕೊವನಿಗಿಂತ ಈ ನಬೊಕೊವ್ ಉದಾರಿ ಎಂದು ನನ್ನ ಭಾವನೆ.

1958ರಲ್ಲಿ ‘ಲೊಲಿಟಾ’ ಅಮೆರಿಕದಲ್ಲಿ ಪ್ರಕಟವಾಗಿ ಹಣ ತಂದಿತು. ಮರುವರ್ಷ ಅವನು ಅಧ್ಯಾಪಕವೃತ್ತಿಯನ್ನು ಬಿಟ್ಟ. 1961ರಿಂದ ಸ್ವಿಟ್ಜರ್‌ಲೆಂಡಿನ ಮಾಂಟ್ರೂ ನಗರದ ಹೋಟೆಲೊಂದರಲ್ಲಿ ವಾಸ. 1977ರಲ್ಲಿ ತೀರಿಕೊಂಡ. ಸ್ವಂತ ಮನೆಯೊಂದನ್ನು ಕೊನೆಯವರೆಗೂ ಕೊಳ್ಳಲಿಲ್ಲ. ಉಪನ್ಯಾಸಗಳು ಪುಸ್ತಕವಾದದ್ದು ಅವನ ನಂತರ, 1980ರಲ್ಲಿ; ಹಳೆಯ ಪ್ರಶ್ನೆಗಳಲ್ಲಿ ಕೆಲವನ್ನು ಅದರ ಕೊನೆಯಲ್ಲಿ ಕಾಣಬಹುದು.

ಆ ತರಗತಿಯಲ್ಲಿ ಕುಳಿತಿದ್ದವರಲ್ಲಿ 1954ರಲ್ಲಿ ಪದವಿ ಪಡೆದ ಒಬ್ಬ ವಿದ್ಯಾರ್ಥಿನಿಯಿದ್ದಳು. ಆಕೆ ಸಾಹಿತ್ಯವನ್ನು ವೃತ್ತಿಯಾಗಿ ಹಿಡಿಯಲಿಲ್ಲ. ಕಾನೂನು ಓದಿ, 1993ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದಳು. ರೂತ್ ಬೇಡರ್ ಗಿನ್ಸ್‌ಬರ್ಗ್ ಎಂದರೆ ವಾಚಕರಿಗೆ ತಿಳಿದೀತು. 2020ರಲ್ಲಿ ತೀರಿಕೊಂಡ ಆಕೆ, ತಾನು ಓದುವ ರೀತಿಯನ್ನೂ ಬರೆಯುವ ರೀತಿಯನ್ನೂ ಬದಲಾಯಿಸಿದವನು ನಬೊಕೊವನೆಂದು ಮತ್ತೆ ಮತ್ತೆ ನೆನೆದಿದ್ದಾಳೆ. ತಕ್ಕ ಪದವನ್ನು ಆರಿಸಿ ವಾಕ್ಯದಲ್ಲಿ ತಕ್ಕ ಜಾಗದಲ್ಲಿರಿಸುವುದನ್ನು ಆಕೆ ಕಲಿತದ್ದು ಅವನಿಂದ. ಕಾದಂಬರಿಯಿಂದ ಸಮಾಜಕ್ಕೇನು ಪ್ರಯೋಜನವೆಂದು ಆ ಮೇಷ್ಟರು ಎಂದೂ ಕೇಳಿದವನಲ್ಲ. ಶಿಷ್ಯೆಯಾದರೋ ಆ ಪಾಠವನ್ನು ಸ್ತ್ರೀಯರ ಸಮಾನತೆಯ ವ್ಯಾಜ್ಯಗಳಲ್ಲಿ, ತೀರ್ಪುಗಳಲ್ಲಿ, ಭಿನ್ನಮತದ ತೀರ್ಪುಗಳಲ್ಲಿ ಖರ್ಚುಮಾಡಿದಳು.