ಕೆಂಗಲ್ ಹನುಮಂತಯ್ಯನವರು

ಬೆಂಗಳೂರಿಗೆ ಬಂದವರು ವಿಧಾನಸೌಧವನ್ನು ನೋಡದೆ ಹಿಂದಿರುಗುವುದು ಅಪರೂಪ. ಆ ಭವ್ಯ ಶಿಲಾಮಂದಿರವನ್ನು ಕಟ್ಟಿಸಿದ ಕೀರ್ತಿ ಕೆಂಗಲ್ ಹನುಮಂತಯ್ಯನವರಿಗೆ ಸಲ್ಲುತ್ತದೆ. ಆಳುವವರು ತಪ್ಪು ಮಾಡಿದರೆ ಅವರನ್ನು ಪ್ರಶ್ನಿಸುವವರು ಯಾರು ಎಂಬುದಕ್ಕೆ ಉತ್ತರವನ್ನು ಹುಡುಕಿದ ಹಿರಿಯರಲ್ಲಿಯೂ ಅವರು ಒಬ್ಬರೆಂಬುದನ್ನು ಬಲ್ಲವರು ಕಡಮೆ.

ಹನುಮಂತಯ್ಯನವರು 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿಯನ್ನೂ ಪುಣೆಯಲ್ಲಿ ಕಾನೂನು ಶಿಕ್ಷಣವನ್ನೂ ಪಡೆದು ವಕೀಲರಾದರು. ಸ್ವಾತಂತ್ರ್ಯದ ಕರೆ ಅವರನ್ನು ಸೆಳೆಯಿತು. ಹಲವು ಬಾರಿ ಸೆರೆವಾಸವನ್ನು ಅನುಭವಿಸಿದರು. ಮುಂದೆ ಸಂವಿಧಾನ ಸಭೆಯ ಸದಸ್ಯರೂ ಆದರು.

1952ರಲ್ಲಿ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಶಾಸನಸಭೆಯ ಕಟ್ಟಡಕ್ಕೆ ಕೆ. ಸಿ. ರೆಡ್ಡಿಯವರ ಕಾಲದಲ್ಲಿಯೇ, 1951ರ ಜುಲೈ 13ರಂದು, ನೆಹರು ಅವರು ಶಂಕುಸ್ಥಾಪನೆ ಮಾಡಿದ್ದರು. ಹನುಮಂತಯ್ಯನವರು ಹಳೆಯ ನಕ್ಷೆಯನ್ನು ಬದಲಿಸಿ, ದ್ರಾವಿಡ ಶೈಲಿಯ ಹಿರಿದಾದ ಸೌಧವನ್ನು ಕಲ್ಪಿಸಿದರು. ಸಾವಿರಾರು ಕೂಲಿಗಳೊಡನೆ ಸೆರೆಮನೆಯ ಕೈದಿಗಳೂ ಅಲ್ಲಿ ದುಡಿದರು. ಸರಕಾರದ ಕೆಲಸವು ದೇವರ ಕೆಲಸವೇ ಎಂಬ ಅರ್ಥದ ಬರಹವನ್ನು ಅದರ ಹಣೆಯ ಮೇಲೆ ಕೆತ್ತಲಾಯಿತು.

ಆದರೆ ವೆಚ್ಚವು ಬೆಳೆದಂತೆ ಟೀಕೆಯೂ ಬೆಳೆಯಿತು. ಸಾರ್ವಜನಿಕ ಹಣದ ಲೆಕ್ಕವನ್ನು ಜನ ಕೇಳಿದರು. ಕಾಮಗಾರಿಯು ವಿಚಾರಣೆಗೂ ಒಳಗಾಯಿತು. ಸ್ವಪಕ್ಷದ ಶಾಸಕರ ವಿಶ್ವಾಸವನ್ನು ಕಳೆದುಕೊಂಡ ಅವರು 1956ರ ಆಗಸ್ಟಿನಲ್ಲಿ ಅಧಿಕಾರವನ್ನು ತೊರೆದರು. ತಾವು ಹಂಬಲಿಸಿ ಬೆಂಬಲಿಸಿದ ಏಕೀಕರಣವು ಅದೇ ನವೆಂಬರ್ 1ರಂದು ನೆರವೇರಿದಾಗ ಅವರು ಮುಖ್ಯಮಂತ್ರಿಯ ಪೀಠದಲ್ಲಿರಲಿಲ್ಲ. ಪ್ರಶ್ನೆಗೆ ಗುರಿಯಾಗುವುದೆಂದರೇನು ಎಂಬುದನ್ನು ಅವರು ಹೀಗೆ ಸ್ವಾನುಭವದಿಂದಲೇ ಅರಿತರು.

1962ರಲ್ಲಿ ಲೋಕಸಭೆಗೆ ಆಯ್ಕೆಯಾದ ಹನುಮಂತಯ್ಯನವರು, 1966ರಲ್ಲಿ ರಚಿತವಾದ ಆಡಳಿತ ಸುಧಾರಣಾ ಆಯೋಗದ ಸದಸ್ಯರಾದರು. ಆಯೋಗದ ಮುಂದಿದ್ದ ಸಮಸ್ಯೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಕಮ್ಮನಹಳ್ಳಿಯ ಸಾಮಾನ್ಯ ಗೃಹಸ್ಥನೊಬ್ಬನ ನಿವೇಶನವು ಮಂತ್ರಿಯೊಬ್ಬನ ಮಾತಿನಿಂದ, ಕಾನೂನನ್ನು ಮೀರಿ, ಬೇರೊಬ್ಬರ ಪಾಲಾಯಿತೆಂದು ಭಾವಿಸೋಣ. ಅವನು ಯಾರ ಬಾಗಿಲನ್ನು ತಟ್ಟಬೇಕು? ಆ ಮಂತ್ರಿಯ ಕೈಕೆಳಗಿನ ಅಧಿಕಾರಿಯು ಅವನಿಗೆ ನ್ಯಾಯವನ್ನು ದೊರಕಿಸಬಲ್ಲನೆ? ನ್ಯಾಯಾಲಯದ ದಾರಿಯೋ ದೀರ್ಘ, ವೆಚ್ಚವೋ ಅಪಾರ.

ಸ್ವೀಡನ್ ದೇಶವು 1809ರಲ್ಲಿಯೇ ಇಂತಹ ದೂರುಗಳಿಗಾಗಿ ಸ್ವತಂತ್ರ ಅಧಿಕಾರಿಯನ್ನು ನೇಮಿಸುವ ಏರ್ಪಾಡು ಮಾಡಿತ್ತು. ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯ ಆಯೋಗವು 1966ರ ಅಕ್ಟೋಬರಿನಲ್ಲಿ, ಮಂತ್ರಿಗಳ ಮತ್ತು ಕಾರ್ಯದರ್ಶಿಗಳ ಮೇಲಿನ ದೂರುಗಳಿಗೆ ಲೋಕಪಾಲರೂ ಇತರ ಅಧಿಕಾರಿಗಳ ಮೇಲಿನ ದೂರುಗಳಿಗೆ ಲೋಕಾಯುಕ್ತರೂ ಇರಬೇಕೆಂದು ಶಿಫಾರಸು ಮಾಡಿತು. ಸುಳ್ಳು ದೂರಿನಿಂದ ನಿರಪರಾಧಿಯ ಮಾನ ಹೋಗದಂತೆ ತನಿಖೆಯು ಗುಟ್ಟಾಗಿ ನಡೆಯಬೇಕೆಂದೂ ಹೇಳಿತು. ಮರುವರ್ಷ ದೇಸಾಯಿಯವರು ಉಪಪ್ರಧಾನಿಗಳಾದಾಗ ಹನುಮಂತಯ್ಯನವರೇ ಅಧ್ಯಕ್ಷರಾಗಿ ಆಯೋಗದ ಕಾರ್ಯವನ್ನು ಪೂರ್ಣಗೊಳಿಸಿದರು. ಅನಂತರ ಕೇಂದ್ರದಲ್ಲಿ ಕಾನೂನು ಮತ್ತು ರೈಲ್ವೆ ಮಂತ್ರಿಗಳಾಗಿಯೂ ಸೇವೆ ಸಲ್ಲಿಸಿದರು.

1980ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಕರ್ನಾಟಕವು ಲೋಕಾಯುಕ್ತ ಕಾಯಿದೆಯನ್ನು ರೂಪಿಸಿದ್ದು 1984ರಲ್ಲಿ. ಮುಖ್ಯಮಂತ್ರಿಯೂ ಅದರ ವ್ಯಾಪ್ತಿಗೆ ಒಳಪಟ್ಟರು. ಲೋಕಪಾಲ ಕಾಯಿದೆಗೆ ಸಂಸತ್ತು ಒಪ್ಪಿಗೆ ನೀಡಲು 2013ರವರೆಗೆ ಕಾಯಬೇಕಾಯಿತು. ತಮ್ಮ ಮೇಲೆಯೇ ಅಂಕುಶವನ್ನಿರಿಸಿಕೊಳ್ಳಲು ಆಳುವವರು ಎಷ್ಟು ಹಿಂಜರಿಯುತ್ತಾರೆಂಬುದಕ್ಕೆ ಈ ವಿಳಂಬವೇ ಸಾಕ್ಷಿ.

ವಿಧಾನಸೌಧವು ಶಾಸನಗಳನ್ನು ರಚಿಸುವ ಸ್ಥಳ. ರಚಿಸಿದವರೇ ಅವನ್ನು ಮುರಿದರೆ ಆ ಕಲ್ಲುಗಳಿಗೆ ಬೆಲೆಯೆಲ್ಲಿ? ಶಾಸನದ ಮುಂದೆ ಮಂತ್ರಿಯೂ ಪ್ರಜೆಯೂ ಸಮಾನರಾದಾಗಲೇ ಅದರ ಹಣೆಯ ಮೇಲಿನ ಬರಹವು ಸಾರ್ಥಕವಾಗುತ್ತದೆ.